ಪದಚರ್ಚೆ: ‘ಪ್ರಿವೇಲಿಂಗ್ ವೇಜ್’ಗೆ ಕನ್ನಡದಲ್ಲಿ ಏನನ್ನಬೇಕು? ತುರ್ತು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು ಪದ ಇವತ್ತೇ ಬೇಕಾಗಿದೆ. ಅಮೆರಿಕಕ್ಕೆ ಎಚ್-1ಬಿ ಅನ್ನುವ ಕೆಲಸದ ವೀಸಾದ ಮೇಲೆ ಹೋಗುವ ಕನ್ನಡದವರಿಗಾಗಿ ಒಂದು ಕೈಪತ್ರ ಅನುವಾದ ಮಾಡುತ್ತಿದ್ದೇನೆ. ಡಿಟಿಪಿ, ಪುಟವಿನ್ಯಾಸ, ಈ ಥರದ ಕೆಲಸದವರು ಓದುವಂಥದ್ದು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ.

ಇಂಗ್ಲಿಷ್ ಪ್ರತಿಯಲ್ಲಿ ‘ಪ್ರಿವೇಲಿಂಗ್ ವೇಜ್’ ಪ್ಯಾರಾಕ್ಕೊಂದು ಸಲ ಬರುತ್ತದೆ. ಕೈಗೆ ಸಿಕ್ಕ ಹಳೆಯ ಅನುವಾದದಲ್ಲಿ ಅದನ್ನು ‘ಕನಿಷ್ಠ ವೇತನ’ ಅಂತ ಮಾಡಿದ್ದಾರೆ. ಆದರೆ ಅದೇ ಕಾಗದದಲ್ಲಿ ‘ಮಿನಿಮಮ್ ವೇಜ್’ ಕೂಡ ಇದೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರ ಗತಿ ಏನು?

ಮುಖ್ಯ ವಾಕ್ಯ ಹೀಗಿದೆ: “ನಿಮ್ಮ ಕಂಪನಿ ನಿಮಗೆ ____, ಇಲ್ಲವೇ ಅಲ್ಲೇ ಅದೇ ಕೆಲಸ ಮಾಡುವ ನಿಮ್ಮಂಥವರಿಗೆ ಕೊಡುತ್ತಿರುವ ಸಂಬಳ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೊಡಬೇಕು.” ಆ ಖಾಲಿ ಜಾಗಕ್ಕೆ ಏನು ಹಾಕಲಿ? ‘ಸ್ಪಾನ್ಸರ್’ ಮತ್ತು ‘ಡೆಸ್ಕ್‌ಟಾಪ್ ಪಬ್ಲಿಷರ್’ ಬಗ್ಗೆಯೂ ಹೇಳಿದರೆ ಉಪಕಾರ.

---

ಉತ್ತರ:

ಪ್ರಚಲಿತ ವೇತನ. ಪ್ರಾಯೋಜಕ. ಗಣಕ ಮುದ್ರಣ ವಿನ್ಯಾಸಕ. ಮೂರೂ ತಯಾರಿವೆ, ಚರ್ಚೆಗೆ ಏನೂ ಉಳಿದಿಲ್ಲ.

---

ಉತ್ತರ:

ಉಳಿದಿದೆ. ‘ಪ್ರಚಲಿತ’ ಸಂಸ್ಕೃತ, ‘ವೇತನ’ ಸಂಸ್ಕೃತ, ‘ಪ್ರಾಯೋಜಕ’ ಸಂಸ್ಕೃತ. ಕನ್ನಡ ಎಲ್ಲಿದೆ? ‘ಕೂಲಿ’ ನಮ್ಮದೇ ಪದ. ತಮಿಳಿನಲ್ಲೂ ಇದೆ, ನಮ್ಮಲ್ಲೂ ಇದೆ, ಯಾರಿಂದಲೂ ಕಡ ತಂದದ್ದಲ್ಲ. ‘ನಡೆ’ ಕೂಡ ನಮ್ಮದೇ. ಎರಡನ್ನೂ ಕೂಡಿಸಿ: ನಡೆಗೂಲಿ. ಊರಲ್ಲಿ ನಡೆಯುತ್ತಿರುವ ಕೂಲಿ. ಕಕಾರಕ್ಕೆ ಗಕಾರ ತಾನಾಗಿ ಬಂತು, ಸಮಾಸವೂ ಚೊಕ್ಕ. ‘ದಿನಗೂಲಿ’ಯಂಥ ಅರಿಸಮಾಸವನ್ನು (ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಸಮಾಸವನ್ನು) ನುಂಗಿಕೊಂಡವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳಬಾರದು.

---

ಉತ್ತರ:

ನಡೆಗೂಲಿ ಅಂದರೆ ನಡೆದದ್ದಕ್ಕೆ ಕೊಡುವ ಕೂಲಿ. ಬೇಡ.

---

ಉತ್ತರ:

‘ವೇತನ’ವೂ ಬೇಡ, ‘ಕೂಲಿ’ಯೂ ಬೇಡ. ‘ಸಂಬಳ’ ಇರುವಾಗ ಬೇರೆಯದು ಯಾಕೆ? ಮೂಲ ಸಂಸ್ಕೃತದ ‘ಶಂಬಲ’. ದಾರಿಗೆ ಕಟ್ಟಿಕೊಂಡು ಹೋಗುವ ಬುತ್ತಿ ಅಂತ ಅರ್ಥ. ಮನೆ ಬಿಟ್ಟು ದೂರ ದೇಶಕ್ಕೆ ದುಡಿಯಲು ಹೋಗುವವರಿಗೆ ಇದಕ್ಕಿಂತ ಹೊಂದುವ ಪದ ಇನ್ನೊಂದಿಲ್ಲ. ತಮಿಳಿನಲ್ಲಿ ಇದನ್ನೇ ‘ಸಂಬಾ’ ನೆಲ್ಲು ಮತ್ತು ಉಪ್ಪಿನ ‘ಅಳಂ’ ಅಂತ ಬಿಡಿಸಿ ಹೇಳುವವರಿದ್ದಾರೆ. ಲ್ಯಾಟಿನ್ನಿನ ಉಪ್ಪಿನಿಂದ ‘ಸ್ಯಾಲರಿ’ ಬಂತು ಅನ್ನುವ ಕತೆಗೆ ಹೊಂದಿಸಿಕೊಂಡ ಹಾಗಿದೆ. ನಾನು ಒಪ್ಪುವುದಿಲ್ಲ. ಉತ್ತರ ಕರ್ನಾಟಕದ ‘ಪಗಾರ’ ಪೋರ್ಚುಗೀಸರ ‘ಪಗಾರ್’ನಿಂದ ಬಂದದ್ದು, ಹಣ ಕೊಡು ಅಂತ ಅರ್ಥ. ಅದನ್ನು ಯಾರೂ ಪರಕೀಯ ಅನ್ನುವುದಿಲ್ಲ. ಪದದ ಜಾತಕ ಕೇಳಿ ಒಳಗೆ ಬಿಡುವವರು ಮೊದಲು ಪಗಾರವನ್ನು ಹೊರಗೆ ಹಾಕಲಿ, ನೋಡೋಣ.

---

ಉತ್ತರ:

ಕೇಳಿದವರಿಗೆ ನಾಳೆ ಬೆಳಿಗ್ಗೆ ಅಚ್ಚಿದೆ. ಬುತ್ತಿಯ ವಿಷಯ ಆಮೇಲೆ ಮಾತಾಡೋಣ. ನಾನು ವಲಸೆಯ ಕಾಗದಪತ್ರಗಳನ್ನೇ ದಿನವೂ ಅನುವಾದ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು: ‘ಕನಿಷ್ಠ ವೇತನ’ವನ್ನು ದಯವಿಟ್ಟು ತೆಗೆದುಹಾಕಿ. ಇದು ರುಚಿಯ ಪ್ರಶ್ನೆ ಅಲ್ಲ. ಆ ಪದ ಇದ್ದರೆ ಓದುವವರ ಜೇಬಿಗೆ ಕತ್ತರಿ ಬೀಳುತ್ತದೆ. ಅಮೆರಿಕದಲ್ಲಿ ಮಿನಿಮಮ್ ವೇಜ್ ಅಂದರೆ ಎಲ್ಲ ಕೆಲಸಕ್ಕೂ ಸೇರಿದ ಕೊನೆಯ ಗೆರೆ. ಒಕ್ಕೂಟ ಸರ್ಕಾರದ ಲೆಕ್ಕದಲ್ಲಿ ಅದು ಗಂಟೆಗೆ 7.25 ಡಾಲರ್. 2009ರ ಜುಲೈಯಿಂದ ಅದು ಅಲ್ಲೇ ನಿಂತಿದೆ. ಕೆಲವು ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ, ಅಲ್ಲಿ ಆ ಜಾಸ್ತಿಯದೇ ಲಾಗೂ ಆಗುತ್ತದೆ. ವರ್ಷಕ್ಕೆ 2,080 ಗಂಟೆ ಅಂತ ಹಿಡಿಯುವುದು ಅಲ್ಲಿನ ವಾಡಿಕೆ. ಗುಣಿಸಿದರೆ 15,080 ಡಾಲರ್. ನಿಮ್ಮ ಕೈಪತ್ರದಲ್ಲಿ “ಕಂಪನಿ ನಿಮಗೆ ಕನಿಷ್ಠ ವೇತನ ಕೊಡಬೇಕು” ಅಂತ ಓದಿದ ಹುಡುಗ ಇಂಟರ್‌ನೆಟ್ಟಿನಲ್ಲಿ ಹುಡುಕಿ 7.25 ಅನ್ನುವ ಅಂಕಿ ನೋಡುತ್ತಾನೆ. ‘ಓಹೋ, ನನಗೆ ಅದಕ್ಕಿಂತ ಜಾಸ್ತೀನೇ ಕೊಡ್ತಿದ್ದಾರೆ’ ಅಂದುಕೊಂಡು ಸುಮ್ನೆ ಇರುತ್ತಾನೆ. ಕಡಿಮೆ ಕೊಡುವ ಕಂಪನಿಗೆ ಬೇಕಾದದ್ದೂ ಅದೇ.

ಪ್ರಿವೇಲಿಂಗ್ ವೇಜ್ ಆ ಗೆರೆ ಅಲ್ಲ. ಅದು ಒಂದು ಕೆಲಸಕ್ಕೆ, ಒಂದು ಪ್ರದೇಶದಲ್ಲಿ ನಡೆಯುತ್ತಿರುವ ದರ. ಬಹುಪಾಲು ಕಂಪನಿಗಳು ಅಲ್ಲಿನ ಕಾರ್ಮಿಕ ಇಲಾಖೆಯ ಸಮೀಕ್ಷೆಯ ಅಂಕಿಯನ್ನೇ ತೆಗೆದುಕೊಳ್ಳುತ್ತವೆ. ಕೆಲಸಗಳಿಗೆಲ್ಲ ಒಂದೊಂದು ಸಂಕೇತ ಸಂಖ್ಯೆ ಇದೆ. ಡೆಸ್ಕ್‌ಟಾಪ್ ಪಬ್ಲಿಷರ್‌ಗೆ 43-9031. ಅದೇ ಕೆಲಸಕ್ಕೆ ನ್ಯೂಯಾರ್ಕಿನಲ್ಲಿ ಒಂದು ಅಂಕಿ, ಟೆಕ್ಸಸ್ಸಿನ ಸಣ್ಣ ಊರಲ್ಲಿ ಇನ್ನೊಂದು. ಅದರಲ್ಲೂ ನಾಲ್ಕು ಮಟ್ಟ. ಹೊಸಬರಿಗೆ ಒಂದನೆಯದು, ಪೂರ್ತಿ ಪಳಗಿದವರಿಗೆ ನಾಲ್ಕನೆಯದು. ಅಂಕಿಗಳು ಪ್ರತಿ ಜುಲೈ 1ಕ್ಕೆ ಹೊಸದಾಗುತ್ತವೆ.

ಈ ಮಟ್ಟಗಳನ್ನು ಎಷ್ಟಕ್ಕೆ ಇಡಬೇಕು ಅನ್ನುವುದರ ಮೇಲೆ ದೊಡ್ಡ ಜಗಳವೇ ಆಗಿದೆ. 2020ರ ಅಕ್ಟೋಬರಿನಲ್ಲಿ ಸರ್ಕಾರ ಇದ್ದಕ್ಕಿದ್ದಂತೆ ಒಂದನೆಯ ಮಟ್ಟವನ್ನು 17ನೇ ಶೇಕಡಾ ಸ್ಥಾನದಿಂದ (ಅಂದರೆ ನೂರರಲ್ಲಿ 17 ಜನ ಅದಕ್ಕಿಂತ ಕಡಿಮೆ ಪಡೆಯುವ ಸಂಬಳದಿಂದ) 45ಕ್ಕೆ, ನಾಲ್ಕನೆಯದನ್ನು 67ರಿಂದ 95ಕ್ಕೆ ಏರಿಸಿತು. ಡಿಸೆಂಬರಿನಲ್ಲಿ ಕೋರ್ಟು ಅದನ್ನು ಬಿಸಾಡಿತು. ‘ಕನಿಷ್ಠ’ ಅನ್ನುವ ಪದದಲ್ಲಿ ಈ ಕೆಲಸ, ಈ ಜಾಗ, ಈ ಮಟ್ಟ ಯಾವುದೂ ಕಾಣುವುದಿಲ್ಲ.

ಇನ್ನು ‘ಪ್ರಚಲಿತ ವೇತನ’. ಹೇಳಿದವರು ಬೇಜಾರು ಮಾಡಿಕೊಳ್ಳಬಾರದು. ಪ್ರಚಲಿತ ವಿದ್ಯಮಾನ ಅಂದರೆ ಈಗಿನ ಆಗುಹೋಗು. ಹಾಗಾದರೆ ಪ್ರಚಲಿತ ವೇತನ ಅಂದರೆ ನನಗೆ ಈಗ ಬರುತ್ತಿರುವ ವೇತನ ಅಂತಲೇ ಓದುಗ ತಿಳಿಯುವುದು. ‘ಚಾಲ್ತಿ ಸಂಬಳ’ಕ್ಕೂ ಇದೇ ತೊಂದರೆ. ವಾಕ್ಯದಲ್ಲಿ ಕೂರಿಸಿ ನೋಡಿ: “ಕಂಪನಿ ನಿಮಗೆ ಚಾಲ್ತಿ ಸಂಬಳ ಕೊಡಬೇಕು.” ಕೊಡ್ತಾ ಇದ್ದಾರಲ್ಲ ಅಂತಾನೆ.

‘ದರ’ ಅಂತ ಸೇರಿಸಿದರೆ ಗೊಂದಲ ಹೋಗುತ್ತದೆ. ದರ ಯಾವತ್ತೂ ಒಬ್ಬನದಲ್ಲ, ಊರಿನದು. ಆದ್ದರಿಂದ ಮೊದಲ ಸಲ “ಆ ಕೆಲಸಕ್ಕೆ ಆ ಪ್ರದೇಶದಲ್ಲಿರುವ ಸಂಬಳದ ಚಾಲ್ತಿ ದರ” ಅಂತ ಪೂರ್ತಿ ಬರೆಯಿರಿ. ಮುಂದೆ ಬರೀ ‘ಚಾಲ್ತಿ ದರ’ ಸಾಕು. ಪಕ್ಕದಲ್ಲಿ ಒಮ್ಮೆ ‘ಪ್ರಿವೇಲಿಂಗ್ ವೇಜ್’ ಅಂತಲೂ ಹಾಕಿ. ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿಯಲ್ಲಿ, ಅಂದರೆ 9035 ನಮೂನೆಯಲ್ಲಿ, ಎರಡು ಅಂಕಿ ಇರುತ್ತವೆ. ಒಂದು ಕಂಪನಿ ಕೊಡುತ್ತೇನೆ ಅಂದ ಸಂಬಳ, ಇನ್ನೊಂದು ಈ ದರ. ಗಂಟೆಗೋ ವಾರಕ್ಕೋ ವರ್ಷಕ್ಕೋ ಅನ್ನುವುದೂ ಅಲ್ಲೇ ಇರುತ್ತದೆ. ಆ ಕಾಗದದ ಪ್ರತಿಯನ್ನು ಕೆಲಸಕ್ಕೆ ಸೇರುವ ದಿನದೊಳಗೆ ನೌಕರನ ಕೈಗೆ ಕೊಡಲೇಬೇಕು. ಓದುಗ ಅದನ್ನು ಹಿಡಿದು ನಿಮ್ಮ ಕೈಪತ್ರದ ಪಕ್ಕ ಇಟ್ಟುಕೊಂಡಾಗ ಪದ ತಾಳೆ ಆಗಬೇಕು.

‘ಪ್ರಾಯೋಜಕ’ ಬೇಡವೇ ಬೇಡ. ಅದು ಟಿವಿ ಕಾರ್ಯಕ್ರಮಕ್ಕೆ ದುಡ್ಡು ಹಾಕುವವನ ಹೆಸರು. ‘ವೀಸಾ ಕೊಡಿಸುವ ಕಂಪನಿ’ ಅಂತ ಬರೆದರೆ ಇನ್ನೂ ಕೆಟ್ಟದ್ದು. ಕಂಪನಿ ಕೊಡಿಸುವುದಲ್ಲ, ಅರ್ಜಿ ಹಾಕುವುದು ಅಷ್ಟೇ. ಕೊಡಿಸಿದ್ದಾರೆ ಅನ್ನುವ ಋಣದಲ್ಲೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ‘ನಿಮ್ಮ ಪರವಾಗಿ ಅರ್ಜಿ ಹಾಕಿದ ಕಂಪನಿ’ ಅನ್ನಿ.

ಡೆಸ್ಕ್‌ಟಾಪ್ ಪಬ್ಲಿಷರ್‌ಗೆ ‘ಡಿಟಿಪಿ ಕೆಲಸದವರು’ ಸಾಕು. ನಮ್ಮ ಪುಸ್ತಕಗಳ ಎರಡನೇ ಪುಟದಲ್ಲಿ ‘ಅಕ್ಷರ ಜೋಡಣೆ’, ‘ಪುಟವಿನ್ಯಾಸ’, ‘ಡಿಟಿಪಿ’ ಅಂತಲೇ ಇರುತ್ತದೆ. ‘ಗಣಕ ಮುದ್ರಣ ವಿನ್ಯಾಸಕ’ ಅಂತ ಯಾರೂ ತಮ್ಮನ್ನು ಕರೆದುಕೊಂಡಿಲ್ಲ.

---

ಉತ್ತರ:

ಅಂತೂ ‘ಚಾಲ್ತಿ’ಯೇ ಗೆದ್ದಿತು. ಮರಾಠಿ ಕಡೆಯಿಂದ ಬಂದ ಪದ. ಒಂದು ಕಡೆ ಸಂಸ್ಕೃತ ಬೇಡ ಅಂತೀರಿ, ಇನ್ನೊಂದು ಕಡೆ ಮರಾಠಿಯನ್ನು ಒಳಗೆ ಕರೆಯುತ್ತೀರಿ, ಮಧ್ಯೆ ‘ಡಿಟಿಪಿ’, ‘ಕಂಪನಿ’, ‘ವೀಸಾ’. ಒಂದು ವಾಕ್ಯದಲ್ಲಿ ಕನ್ನಡ ಉಳಿದದ್ದು ‘ಆ’, ‘ಕೆಲಸ’, ‘ಇರುವ’ ಮೂರೇ. ಹೊಸ ಪದ ಮೊದಲ ಸಲ ಕೇಳಿದಾಗ ವಿಚಿತ್ರ ಅನಿಸುವುದು ಸಹಜ. ಬಳಸಬೇಕು, ಆಗ ಬಳಕೆಗೆ ಬರುತ್ತದೆ. ಬಳಸದೆಯೇ ‘ಯಾರಿಗೂ ಅರ್ಥವಾಗಲ್ಲ’ ಅನ್ನುವುದು ಸೋಮಾರಿತನ. ನಡೆಗೂಲಿಯನ್ನು ನಾನು ಬಿಡುವುದಿಲ್ಲ.

---

ಉತ್ತರ:

ಬಿಡಬೇಡಿ. ಆದರೆ ಕೈಪತ್ರದ ಮೇಲೆ ಪ್ರಯೋಗ ಮಾಡಬೇಡಿ. ಹೊಸ ಪದವನ್ನು ಕತೆಯಲ್ಲಿ, ಅಂಕಣದಲ್ಲಿ, ಪಾಠದಲ್ಲಿ ಬಳಸಿ ಬೆಳೆಸಬಹುದು. ಅಲ್ಲಿ ಓದುಗನಿಗೆ ಪುರುಸೊತ್ತು ಇರುತ್ತದೆ, ತಪ್ಪಾಗಿ ತಿಳಿದರೂ ನಷ್ಟವಿಲ್ಲ. ಇಲ್ಲಿ ಓದುವವನು ಸಂಬಳದ ಚೀಟಿ ಕೈಯಲ್ಲಿ ಹಿಡಿದಿದ್ದಾನೆ.

ಇನ್ನೊಂದು ಮಾತು. ‘ಕೂಲಿ’ ಅಚ್ಚಗನ್ನಡ ಅನ್ನುವುದರಲ್ಲಿ ನನಗೂ ಅನುಮಾನ ಇಲ್ಲ. ಆದರೆ ತಿಂಗಳ ಲೆಕ್ಕದಲ್ಲಿ ದುಡಿಯುವವನು ತನ್ನದನ್ನು ಕೂಲಿ ಅನ್ನುವುದಿಲ್ಲ. ಕೂಲಿ ದಿನದ್ದು, ಕೈಯಿಂದ ಕೈಗೆ ಬರುವಂಥದ್ದು. ಪರದೇಶದಲ್ಲಿ ‘ಕೂಲಿ’ ಅನ್ನುವ ಪದವನ್ನು ನಮ್ಮವರ ಮೇಲೆ ಬೈಗುಳವಾಗಿ ಬಳಸಿದ ಕಾಲವೂ ಇತ್ತು. ವಲಸೆ ಹೋದವನ ಕಾಗದದಲ್ಲಿ ಅದೇ ಪದ ಹಾಕುವ ಮುಂಚೆ ಅದನ್ನೂ ನೆನೆಯಬೇಕು, ಅಲ್ವಾ?

---

ಉತ್ತರ:

‘ಧಾರಣೆ’ಯನ್ನು ಯಾರೂ ಯಾಕೆ ನೆನೆಯಲಿಲ್ಲ? ಪತ್ರಿಕೆಯಲ್ಲಿ ದಿನಾ ಬರುತ್ತದೆ. ಮಾರುಕಟ್ಟೆ ಧಾರಣೆ, ಅಡಿಕೆ ಧಾರಣೆ. ಒಂದು ಜಾಗದಲ್ಲಿ, ಒಂದು ದರ್ಜೆಗೆ, ಸದ್ಯ ನಡೆಯುತ್ತಿರುವ ಬೆಲೆ. ಜಾಗ, ದರ್ಜೆ, ಕಾಲ ಮೂರೂ ಆ ಒಂದೇ ಪದದಲ್ಲಿವೆ. ‘ಸಂಬಳದ ಧಾರಣೆ’. ಇದಕ್ಕಿಂತ ಹತ್ತಿರದ ಪದ ಇಲ್ಲ.

---

ಉತ್ತರ:

ಧಾರಣೆ ಸರಕಿಗೆ. ಮನುಷ್ಯನಿಗಲ್ಲ.

---

ಉತ್ತರ:

ದುಡಿಮೆಗೆ, ಮನುಷ್ಯನಿಗಲ್ಲ ಅಂತ ನಾನು ಹೇಳಿದ್ದು. ಓದದೇ ಉತ್ತರ ಬರೆಯಬೇಡಿ.

---

ಉತ್ತರ:

ಧಾರಣೆ ಚೆಂದದ ಪದ, ಒಪ್ಪುತ್ತೇನೆ. ಆದರೆ ಅದು ದಿನದಿನಕ್ಕೂ ಏರಿಳಿಯುತ್ತದೆ. ಓದುವವನು ‘ನಾಳೆ ಇಳಿದರೆ ಸಂಬಳವನ್ನೂ ಇಳಿಸಬಹುದು’ ಅಂದುಕೊಂಡಾನು. ಕಾನೂನಿನಲ್ಲಿ ಹಾಗಿಲ್ಲ. ಅರ್ಜಿ ಹಾಕಿದಾಗಿನ ಅಂಕಿಯೇ ಆ ಅರ್ಜಿ ಇರುವವರೆಗೆ, ಅಂದರೆ ಗರಿಷ್ಠ 3 ವರ್ಷ, ತಳದ ಅಂಕಿಯಾಗಿ ನಿಲ್ಲುತ್ತದೆ. ಈ ಒಂದು ಕಾರಣಕ್ಕೆ ನಾನು ‘ಚಾಲ್ತಿ ದರ’ದ ಕಡೆ.

---

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆ. ‘ಚಾಲ್ತಿ ದರ’ ಹಾಕುತ್ತಿದ್ದೇನೆ. ನಡೆಗೂಲಿ ನನಗೂ ಇಷ್ಟವಾಯಿತು. ಆದರೆ ಈ ಕಾಗದದಲ್ಲಿ ಅದರ ಅರ್ಥ ಬಿಡಿಸಿ ಹೇಳಲು ಜಾಗವಿಲ್ಲ. ತಿದ್ದಿದ ಪಠ್ಯ ಇಲ್ಲಿದೆ, ತಪ್ಪಿದ್ದರೆ ಈಗಲೇ ಹೇಳಿ:

“ನಿಮ್ಮ ಪರವಾಗಿ ಅರ್ಜಿ ಹಾಕಿದ ಕಂಪನಿ ನಿಮಗೆ ಆ ಕೆಲಸಕ್ಕೆ ಆ ಪ್ರದೇಶದಲ್ಲಿರುವ ಸಂಬಳದ ಚಾಲ್ತಿ ದರ (ಪ್ರಿವೇಲಿಂಗ್ ವೇಜ್), ಇಲ್ಲವೇ ಅಲ್ಲೇ ಅದೇ ಕೆಲಸ ಮಾಡುವ ನಿಮ್ಮಂಥವರಿಗೆ ಕೊಡುತ್ತಿರುವ ಸಂಬಳ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. ಕೆಲಸವಿಲ್ಲ ಅಂತ ಕಂಪನಿಯೇ ನಿಮ್ಮನ್ನು ಸುಮ್ಮನೆ ಕೂರಿಸಿದರೂ ಸಂಬಳ ನಿಲ್ಲಿಸುವಂತಿಲ್ಲ. ಎಚ್-1ಬಿ ಅರ್ಜಿಗೆ ಕಂಪನಿ ಹಿಡಿದ ವಕೀಲರ ಫೀಯನ್ನು ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ.”

ಒಂದು ಅನುಮಾನ. ಮೂರನೇ ಪ್ಯಾರಾದಲ್ಲಿ ‘ಬೆಂಚಿಂಗ್’ ಅಂತಿದೆ. ‘ಸುಮ್ಮನೆ ಕೂರಿಸುವುದು’ ಅಂದರೆ ಸಾಕೇ?

---

ಉತ್ತರ:

ಸಾಕು. ‘ಬೆಂಚಿನಲ್ಲಿದ್ದೇನೆ’ ಅಂತ ನಮ್ಮವರೇ ಹೇಳುತ್ತಾರೆ, ಬೇಕಾದರೆ ಅದನ್ನೂ ಪಕ್ಕದಲ್ಲಿ ಹಾಕಿ. ನೌಕರ ತಾನಾಗಿ ರಜೆ ಕೇಳಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಅದಕ್ಕೇ ‘ಕಂಪನಿಯೇ’ ಅನ್ನುವಲ್ಲಿಯ ಏಕಾರವನ್ನು ಮುದ್ರಕರು ಬಿಡದಂತೆ ನೋಡಿಕೊಳ್ಳಿ. ವಾಕ್ಯದ ಕಾನೂನೆಲ್ಲ ಅದರಲ್ಲೇ ಇದೆ.

ಡಿಟಿಪಿಯವರಿಗೆ ಅಂತಲೇ ಒಂದು ಸಾಲು ಬೇಕು. ಎಚ್-1ಬಿ ಸಿಗುವುದು ನಿರ್ದಿಷ್ಟ ವಿಷಯದ ಪದವಿ ಬೇಕೇ ಬೇಕು ಅನ್ನುವಂಥ ಕೆಲಸಕ್ಕೆ. ಬರೀ ಡಿಟಿಪಿಗೆ ಅಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಓದು ಸಾಕು ಅಂತ ಎಣಿಸುತ್ತಾರೆ. ಹಾಗಾಗಿ ಆ ಹೆಸರಿನಲ್ಲಿ ಅರ್ಜಿ ಪಾಸಾಗುವುದು ಕಷ್ಟ. ಅರ್ಜಿಯಲ್ಲಿ ‘ಗ್ರಾಫಿಕ್ ಡಿಸೈನರ್’ ಅಂತಿದ್ದು ಕೂರಿಸಿದ ಕೆಲಸ ಬೇರೆಯಾಗಿದ್ದರೆ, ಅಥವಾ ಪಳಗಿದ ಕೈಯ ಕೆಲಸ ಮಾಡಿಸಿಕೊಂಡು ಮಟ್ಟ ಒಂದು ಅಂತ ಬರೆದಿದ್ದರೆ, ಆಗ ತಕರಾರು ಏಳುತ್ತದೆ. “ನಿಮ್ಮ ಕಾಗದದಲ್ಲಿರುವ ಕೆಲಸದ ಹೆಸರು, ಸಂಕೇತ ಸಂಖ್ಯೆ, ಮಟ್ಟ ಮೂರನ್ನೂ ನೀವು ನಿಜಕ್ಕೂ ಮಾಡುತ್ತಿರುವ ಕೆಲಸದೊಂದಿಗೆ ಹೋಲಿಸಿ ನೋಡಿ” ಅಂತ ಹಾಕಿ.

ಸಂಬಳ ಯಾವತ್ತಿನಿಂದ ಶುರು ಅನ್ನುವುದೂ ಬಿಟ್ಟುಹೋಗಿದೆ. ಕೆಲಸಕ್ಕೆ ಹಾಜರಾದ ದಿನದಿಂದ. ಕಂಪನಿ ಹಾಜರು ಮಾಡಿಕೊಳ್ಳದೆ ಕಾಯಿಸಿದರೂ, ಹೊರಗಿನಿಂದ ಬಂದವರಿಗೆ ದೇಶದೊಳಗೆ ಕಾಲಿಟ್ಟ 30 ದಿನಕ್ಕೆ ಶುರುವಾಗಲೇಬೇಕು. ಆಗಲೇ ಅಲ್ಲಿದ್ದವರಿಗೆ ಈ ಕಂಪನಿಯಲ್ಲಿ ದುಡಿಯಲು ಅನುಮತಿ ಸಿಕ್ಕ 60 ದಿನಕ್ಕೆ. ದೂರು ಕೊಡಲು ತಪ್ಪು ನಡೆದಾಗಿನಿಂದ 12 ತಿಂಗಳು ಅವಕಾಶ, ನಮೂನೆ ಡಬ್ಲ್ಯುಎಚ್-4. ಇವೆರಡೂ ಮೊದಲ ಪುಟದಲ್ಲೇ ಬರಲಿ.

---

ಉತ್ತರ:

‘ಹಾಜರು’, ‘ತಕರಾರು’ ಅರಬ್ಬಿ. ‘ಪಾಸು’ ಇಂಗ್ಲಿಷ್. ಬರೆದಿಟ್ಟುಕೊಂಡಿದ್ದೇನೆ. ಅಚ್ಚು ಮುಗಿಯಲಿ, ಎರವಲಿನ ಬಗ್ಗೆ ಬೇರೆ ಚರ್ಚೆ ನಾನೇ ತೆಗೆಯುತ್ತೇನೆ.