ಬರೆದದ್ದರ ಕೆಳಗೆ ಲೈಸೆನ್ಸ್ ಸಾಲು ಹಾಕಬೇಕಾ?

ನಾಪೋಕ್ಲು ತೋಟಗಾರ:
ನಮ್ಮದು ಕಾಫಿ, ಕರಿಮೆಣಸಿನ ತೋಟ. ಮಳೆಗಾಲಕ್ಕೆ ಮುಂಚೆ ಬಳ್ಳಿಗೆ ಬೋರ್ಡೋ (ಶಿಲೀಂಧ್ರ ರೋಗ ತಡೆಯೋ ತುತ್ತ-ಸುಣ್ಣದ ದ್ರಾವಣ) ಹೊಡೆಯೋದು ಹೇಗೆ ಅಂತ ಯಾರೋ ಕೇಳಿದ್ದಕ್ಕೆ ಮೂರು ವರ್ಷದ ಹಿಂದೆ ಉದ್ದಕ್ಕೆ ಬರೆದಿದ್ದೆ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ, ಎರಡೂ ಬೇರೆ ಬೇರೆ. ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಆಮೇಲೆ ಕತ್ತಿಯ ಅಲಗು ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ.

ಕಳೆದ ತಿಂಗಳು ಅದೇ ಬರಹ ಊರೆಲ್ಲ ಸುತ್ತಿ ನನ್ನ ಮೊಬೈಲಿಗೇ ಬಂತು. ಕೆಳಗೆ ನನ್ನ ಹೆಸರು ಹಾಗೇ ಇದೆ. ಕತ್ತಿಯ ಮಾತೇ ಇಲ್ಲ, ಸುಣ್ಣ ಅರ್ಧ ಕೆಜಿ ಆಗಿದೆ! ಪಕ್ಕದ ತೋಟದವರು ಅದನ್ನೇ ನಂಬಿ ಹೊಡೆದು ಎಳೆ ಚಿಗುರು ಸುಟ್ಟುಕೊಂಡರು. "ನೀನೇ ಬರೆದಿದ್ದಲ್ವಾ" ಅಂತ ಬೇಲಿ ಹತ್ತಿರ ನಿಂತು ಕೇಳಿದಾಗ ನನಗೆ ಮಾತು ಹೊರಡಲಿಲ್ಲ.

ಇನ್ನು ಮುಂದೆ "ಎಲ್ಲ ಹಕ್ಕು ಕಾಯ್ದಿರಿಸಿದೆ" ಅಂತ ಹಾಕಲಾ? ಕ್ರಿಯೇಟಿವ್ ಕಾಮನ್ಸ್ (ಕೆಲವು ಷರತ್ತಿನ ಮೇಲೆ ಯಾರು ಬೇಕಾದರೂ ಹಂಚಬಹುದು ಅನ್ನೋ ಸಿದ್ಧ ಲೈಸೆನ್ಸ್) ಹಾಕು ಅಂತಲೂ ಒಬ್ಬರು ಹೇಳಿದರು. ಹಂಚಬಾರದು ಅಂತ ನನಗಿಲ್ಲ. ಹಂಚಲಿ, ಆದರೆ ಅಳತೆ ಕೆಡಿಸದೆ ಹಂಚಲಿ.

ಮಡಿಕೇರಿ ವಕೀಲ:
ಹಾಕದಿದ್ದರೂ ಹಕ್ಕು ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯ ಅಲ್ಲ. ಬರೆದಾಗಲೇ ಹಕ್ಕು ಹುಟ್ಟುತ್ತೆ. ನೀವಿರುವಷ್ಟು ಕಾಲ, ಆಮೇಲೆ 60 ವರ್ಷ ಇರುತ್ತೆ. ಆದರೆ ಬೋರ್ಡೋ ಅಳತೆ ಯಾರ ಸ್ವತ್ತೂ ಅಲ್ಲ, ನೀವು ಅದನ್ನ ಹೇಳಿದ ಮಾತಷ್ಟೇ ನಿಮ್ಮದು. ನಿಮಗೆ ಬೇಕಾಗಿರೋದು 57ನೇ ಕಲಂ. ಬರಹ ತಿರುಚಿ ಬರೆದವರ ಮಾನಕ್ಕೆ ಕುಂದು ತಂದರೆ ಅದನ್ನ ತಡೆಯುವ ಹಕ್ಕು ಅಲ್ಲಿದೆ.

ಇನ್ನೊಂದು ಮಾತು. ಜಾಲತಾಣದಲ್ಲಿ ಖಾತೆ ತೆರೆಯುವಾಗ ಒಪ್ಪಿದ ಷರತ್ತು ನೀವು ಕೆಳಗೆ ಏನು ಬರೆದರೂ ರದ್ದಾಗಲ್ಲ.

ಕುಶಾಲನಗರದಿಂದ:
ನಾನು ವಿಕಿಪೀಡಿಯಕ್ಕೆ ಬರೆಯುವವಳು, ಅಲ್ಲಿ ಈ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ದಿನನಿತ್ಯದ ಮಾತು. "ಬೈ" ಅಂದರೆ ಬರೆದವರ ಹೆಸರು ಹೇಳಬೇಕು. "ಎನ್‌ಡಿ" ಸೇರಿಸಿದರೆ ಬದಲಾಯಿಸಿದ ಬರಹ ಹಂಚುವಂತಿಲ್ಲ. ನಿಮಗೆ ಇದೇ ಸರಿ ಅನ್ನಿಸಬಹುದು, ಆದರೆ ಅನುವಾದವೂ ಬದಲಾವಣೆಯೇ. ಯಾರಾದರೂ ಕೊಡವ ತಕ್ಕ್‌ಗೋ ಮಲಯಾಳಕ್ಕೋ ಮಾಡಿ ಹಂಚಬೇಕಾದರೂ ನಿಮ್ಮನ್ನ ಹುಡುಕಿಕೊಂಡು ಬರಬೇಕು.

ಬರೀ "ಬೈ 4.0" ಹಾಕಿ (4.0 ಅನ್ನೋದು ಲೈಸೆನ್ಸಿನ ಆವೃತ್ತಿ). ತಿದ್ದಿದವರು ತಿದ್ದಿದ್ದೇವೆ ಅಂತ ಹೇಳಲೇಬೇಕು. ತಿದ್ದಿದ ಬರಹದಿಂದ ನನ್ನ ಹೆಸರು ತೆಗೆಯಿರಿ ಅಂತ ನೀವು ಕೇಳಿದರೆ ಸಾಧ್ಯವಾದಷ್ಟು ತೆಗೆಯಬೇಕು. ಒಂದು ಸಲ ಕೊಟ್ಟ ಅನುಮತಿ ವಾಪಸ್ ತಗೊಳ್ಳೋಕೆ ಬರಲ್ಲ, ಅದನ್ನ ಯೋಚಿಸಿ ಹಾಕಿ.

ನಾಪೋಕ್ಲು ತೋಟಗಾರ:
ಅನುವಾದದ ಮಾತು ನಾಟಿತು. ನಮ್ಮಲ್ಲಿ ಔಷಧಿ ಹೊಡೆಯೋ ಹುಡುಗರು ಅಸ್ಸಾಂನವರು, ಕನ್ನಡ ಓದೋಕೆ ಬರಲ್ಲ. ಅವರ ಕೈಗೆ ಅವರ ಭಾಷೆಯಲ್ಲೇ ಇದು ಸಿಗಬೇಕು. ಎನ್‌ಡಿ ಬೇಡ.

ಇವತ್ತು ಕೂತು ಹೊಸದಾಗಿ ಬರೆದೆ. ಕೆಳಗೆ ಹಾಕಿದ್ದು: "ಕ್ರಿಯೇಟಿವ್ ಕಾಮನ್ಸ್ ಬೈ 4.0. ಹಂಚಿ, ಅನುವಾದಿಸಿ. ತಿದ್ದಿದರೆ ಏನು ತಿದ್ದಿದಿರಿ ಅಂತ ಬರೆಯಿರಿ." ಸುಣ್ಣದ ಅಳತೆಯನ್ನೂ ಕತ್ತಿ ಅದ್ದಿ ನೋಡೋದನ್ನೂ ಒಂದೇ ವಾಕ್ಯಕ್ಕೆ ಸೇರಿಸಿದ್ದೀನಿ, ಒಂದನ್ನ ಕಿತ್ತರೆ ಇನ್ನೊಂದು ನಿಲ್ಲಬಾರದು ಅಂತ. ನಾಳೆ ಬೆಳಿಗ್ಗೆ ಪ್ರಿಂಟ್ ತೆಗೆಸಿ ಪಕ್ಕದ ತೋಟಕ್ಕೆ ನಾನೇ ಕೊಟ್ಟು ಬರ್ತೀನಿ.