ಮನೆಯಲ್ಲೇ ಮಾಡಿದ ಸ್ಪೀಕರ್: ಬೇಸೂ ಇಲ್ಲ, ಹಾಡುವವರ ದನಿಯೂ ಇಲ್ಲ

ಉಣಕಲ್ ದಂಡೆ, ಹುಬ್ಬಳ್ಳಿ
ತಲೆ ಕೆಟ್ಟು ಕೂತಿದ್ದೇನೆ, ಯಾರಾದರೂ ಹೇಳಿ. ಎರಡು ತಿಂಗಳು ಒಂದು ಭಾನುವಾರವೂ ಬಿಡದೆ ಕೂತು ಜೋಡಿ ಸ್ಪೀಕರ್ ಮಾಡಿದೆ. 18 ಎಂಎಂ ಪ್ಲೈವುಡ್, ಒಳಗಿನ ಅಳತೆ 40, 25, 20 ಸೆಂಟಿಮೀಟರ್, ಅಂದರೆ 20 ಲೀಟರ್. ಬೇಸಿಗೆ 6.5 ಇಂಚಿನ 8 ಓಮ್ ಊಫರ್, ತಾರ ಸದ್ದಿಗೆ ಮೇಲೊಂದು ಟ್ವೀಟರ್, ಹಿಂದೆ ಗಾಳಿ ಆಡೋಕೆ ಪೋರ್ಟ್ ಕೊಳವೆ. ಟಿಪಿಎ3116 ಆಂಪ್ಲಿಫೈಯರ್ ಬೋರ್ಡು, ಅದಕ್ಕೆ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್. ವೈರಿಂಗ್ ಎಲ್ಲಾ ಸರಿ ಇದೆ, ಅದನ್ನು ಕೇಳಬೇಡಿ.

ಬೇಸ್ ಇಲ್ಲವೇ ಇಲ್ಲ. ಹಾಡುವವರು ಬಾವಿಯೊಳಗೆ ಇಳಿದು ಹಾಡಿದ ಹಾಗೆ ಕೇಳುತ್ತೆ. ತಬಲಾದ ಡಗ್ಗಾ ಸತ್ತೇ ಹೋಗಿದೆ. ಲ್ಯಾಪ್‌ಟಾಪಿಗೆ ಹಚ್ಚಿದರೂ ಹಾಗೇ, ಮೊಬೈಲಿಗೆ ಹಚ್ಚಿದರೂ ಹಾಗೇ, ಅಂದಮೇಲೆ ಅವುಗಳ ತಪ್ಪಲ್ಲ. ಮನೆಯಲ್ಲಿ "ಆ ಹಳೇ ಟೇಪ್‌ರೆಕಾರ್ಡರೇ ಚಲೋ ಇತ್ತು" ಅಂದುಬಿಟ್ಟರು. ಖರ್ಚಿನ ಲೆಕ್ಕ ಇನ್ನೂ ಹೇಳಿಲ್ಲ.

ಪ್ಲಸ್ ಮೈನಸ್, ಹಾವೇರಿ
ಅರ್ಧ ಓದುವಾಗಲೇ ಗೊತ್ತಾಯಿತು. ಒಂದು ಕಡೆಯ ಊಫರ್ ಉಲ್ಟಾ ಹಚ್ಚಿದ್ದೀರಿ. ಒಂದು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ, ಬೇಸ್ ಅಲ್ಲಿಗಲ್ಲಿಗೇ ತೀರಿಹೋಗುತ್ತೆ. 1.5 ವೋಲ್ಟಿನ ಸೆಲ್ ತಗೊಂಡು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಊಫರಿನ ಕೋನ್, ಅಂದರೆ ಅಲುಗೋ ಪರದೆ, ಹೊರಗೆ ಬರಬೇಕು. ಒಂದು ಹೊರಗೆ ಬಂದು ಇನ್ನೊಂದು ಒಳಗೆ ಹೋದರೆ ನನಗೊಂದು ಚಹಾ ಬಾಕಿ.

ಬೆಟಗೇರಿ ಬಡಿಗ, ಗದಗ
ಪೋರ್ಟ್ ಉದ್ದ ಎಷ್ಟು? ಅದನ್ನೇ ಹೇಳಿಲ್ಲ. ಗಿಡ್ಡ ಆದರೆ ಟ್ಯೂನಿಂಗ್, ಅಂದರೆ ಪೋರ್ಟ್ ಮೊಳಗೋ ಸ್ವರ, ಮೇಲೆ ಹೋಗುತ್ತೆ, ಕೆಳಗಿನ ಬೇಸ್ ಸಿಗಲ್ಲ. ಆ ಊಫರಿನ ಎಫ್‌ಎಸ್, ಕ್ಯೂಟಿಎಸ್, ವಿಎಎಸ್, ಅಂದರೆ ಬಾಕ್ಸಿನ ಅಳತೆ ಲೆಕ್ಕ ಹಾಕೋ ಅಂಕಿಗಳು, ಎಷ್ಟು? ಅವು ಗೊತ್ತಿಲ್ಲದೆ 20 ಲೀಟರ್ ಮಾಡೋದು ಅಳತೆ ತಗೊಳ್ಳದೆ ಅಂಗಿ ಹೊಲಿದ ಹಾಗೆ. ಮತ್ತೆ ಪ್ಲೈವುಡ್ ಯಾಕ್ರೀ? ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಹಾಕಬೇಕಿತ್ತು. ಒಂದೇ ಸಮ ಇರುತ್ತೆ, ಒಳಗೆ ಟೊಳ್ಳು ಇರಲ್ಲ.

ಜಿಟಿಜಿಟಿ ಮಳೆ, ಧಾರವಾಡ
ಎಂಡಿಎಫ್ ಅನ್ನೋರು ಒಂದು ಮಳೆಗಾಲ ಧಾರವಾಡದಲ್ಲಿ ಕಳೆಯಲಿ. ನಂದು ಬುಡದಿಂದ ಉಬ್ಬಿ ಹೊಸ ಬ್ರೆಡ್ಡಿನ ಹಾಗೆ ಆಯಿತು. ಸ್ಕ್ರೂ ಹಿಡಿತ ಬಿಟ್ಟು ಊಫರ್ ಜೋತುಬಿತ್ತು.

ಬೆಟಗೇರಿ ಬಡಿಗ, ಗದಗ
ಕತ್ತರಿಸಿದ ಅಂಚಿಗೆ ಸೀಲರ್ ಬಳಿದಿದ್ರಾ? ಇಲ್ಲ ತಾನೇ. ಹಾಗಿದ್ದರೆ ಮಳೆಯನ್ನು ಬೈಯಬೇಡಿ.

ಜಿಟಿಜಿಟಿ ಮಳೆ, ಧಾರವಾಡ
ಗದಗದ ಬಿಸಿಲಿನಲ್ಲಿ ಕೂತು ಸೀಲರ್ ಬಗ್ಗೆ ಹೇಳೋದು ಸುಲಭ.

ಉಣಕಲ್ ದಂಡೆ, ಹುಬ್ಬಳ್ಳಿ
ಎಂಡಿಎಫ್ ಜಗಳ ಆಮೇಲೆ ಮಾಡಿ. ಸೆಲ್ ಹಿಡಿದು ನೋಡಿದೆ, ಎರಡೂ ಕೋನ್ ಹೊರಗೇ ಬಂದವು. ಹಾಗಾಗಿ ಉಲ್ಟಾ ಅಲ್ಲ. ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ನಾನ್‌ಪೋಲಾರ್ ಕೆಪಾಸಿಟರ್ ಇದೆ, 8 ಓಮಿಗೆ ಸುಮಾರು 4200 ಹರ್ಟ್ಸ್ ಆಗುತ್ತೆ, ಅದಕ್ಕಿಂತ ಕೆಳಗಿನ ಸದ್ದನ್ನು ತಡೆಯುತ್ತೆ. ಅದೂ ಸರಿ.

ಇನ್ನೊಂದು ವಿಚಿತ್ರ. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದರೆ ದನಿ ಸ್ವಲ್ಪ ಮೇಲೆ ಬರುತ್ತೆ, ಜೊತೆಗೆ ಗುಂಯ್ ಅನ್ನೋ ಸದ್ದು. ಕಿತ್ತರೆ ಮತ್ತೆ ಬಾವಿ.

ಪ್ಲಸ್ ಮೈನಸ್, ಹಾವೇರಿ
ಹಾಗಾದರೆ ಬೋರ್ಡಿನಲ್ಲೇ ಒಂದು ಚಾನಲ್ ಉಲ್ಟಾ ಇರುತ್ತೆ. ಒಂದು ಸ್ಪೀಕರಿನ ಎರಡು ವೈರು ಅದಲುಬದಲು ಮಾಡಿ ನೋಡಿ. ಕಾಸು ಖರ್ಚಿಲ್ಲ.

ಮೂರು ಪಿನ್, ಹುಬ್ಬಳ್ಳಿ
ಚಾರ್ಜರ್ ಹಾಕಿದರೆ ಗುಂಯ್ ಅಂದರೆ ಅರ್ಥಿಂಗ್ ಸರಿ ಇಲ್ಲ. ಹಳೇ ಹುಬ್ಬಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಮೂರನೇ ತೂತು ಬರೀ ಶೋಕಿಗೆ. ಚಾರ್ಜರಿನ ದಪ್ಪ ಪಿನ್ನಿಗೆ ಟೇಪ್ ಸುತ್ತಿಬಿಡಿ, ಗುಂಯ್ ಹೋಗುತ್ತೆ. ನಾನು ವರ್ಷಗಳಿಂದ ಹಾಗೇ ಓಡಿಸ್ತಿದ್ದೇನೆ.

ಹಳೇ ವಾಲ್ವ್, ಧಾರವಾಡ
ಟೇಪ್ ಸುತ್ತಬೇಡ ತಮ್ಮಾ. ಆ ಪಿನ್ ಇರೋದು ನಿನ್ನ ಹಾಡಿಗಲ್ಲ, ನಿನ್ನ ಜೀವಕ್ಕೆ. ಅಡಾಪ್ಟರ್ ಒಳಗೆ ಏನಾದರೂ ಸುಟ್ಟು 230 ವೋಲ್ಟ್ ಈಚೆ ಬಂದರೆ ಮೈಗೆ ತಾಗದ ಹಾಗೆ ಕಾಯೋದು ಅದೊಂದೇ. ಮೂರು ಪಿನ್ ಅಂತ ಹೆಸರಿಟ್ಟುಕೊಂಡು ಎರಡು ಪಿನ್ ಮಾಡು ಅಂತೀರಲ್ರೀ.

ಉಣಕಲ್ ದಂಡೆ, ಹುಬ್ಬಳ್ಳಿ
ಬಲಗಡೆಯ ಸ್ಪೀಕರಿನ ವೈರು ತಿರುಗಿಸಿದೆ. ಸ್ವಲ್ಪ ವಾಸಿ! ಮೊದಲು ಸದ್ದು ಕಿವಿಯ ಎರಡೂ ಬದಿ ಹರಿದುಹೋದ ಹಾಗಿತ್ತು, ಈಗ ನಡುವೆ ಬಂತು. ಬೇಸೂ ಒಂಚೂರು ಬಂದ ಹಾಗಿದೆ. ದನಿ ಮಾತ್ರ ಇನ್ನೂ ಬಾವಿಯಲ್ಲೇ.

ಪ್ಲಸ್ ಮೈನಸ್, ಹಾವೇರಿ
ನಾನು ಮೊದಲೇ ಹೇಳಿದ್ದೆ. ಚಹಾ. ಉಳಿದದ್ದು ಊಫರ್ ಪಳಗಿದ ಮೇಲೆ ಬರುತ್ತೆ, ಒಂದು ವಾರ ಜೋರಾಗಿ ಬಾರಿಸಿ.

ಜಿಟಿಜಿಟಿ ಮಳೆ, ಧಾರವಾಡ
ಬಾಕ್ಸ್ ಮಾತು ಬಂತು ಅಂತ ಹೇಳ್ತೇನೆ. ಅಜ್ಜನ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ಬಾಗಿಲಿನಲ್ಲಿ ಎರಡು ಬಾಕ್ಸ್ ಮಾಡಿಸಿದೆ. ಒಂದೊಂದು 22 ಕೆಜಿ. ಒಂದು ಕಡೆ ಚಿಲಕದ ಗುರುತು ಹಾಗೇ ಬಿಟ್ಟಿದ್ದೇನೆ, ನೋಡೋಕೆ ಚಂದ. ಜೊತೆಗೆ ಇಎಲ್84 ವಾಲ್ವಿನ ಆಂಪ್ಲಿಫೈಯರ್. ಚಳಿಗಾಲದಲ್ಲಿ ಗಾಜಿನ ವಾಲ್ವು ಬಿಸಿಯಾಗುತ್ತಲ್ಲ, ಬೆಕ್ಕು ಅದರ ಪಕ್ಕ ಬಿಟ್ಟು ಏಳಲ್ಲ.

ಹಳೇ ವಾಲ್ವ್, ಧಾರವಾಡ
ನನ್ನ ಮೊದಲ ಆಂಪ್ಲಿಫೈಯರಿಗೆ ರೇಡಿಯೋ ಬೇಕೇ ಇರಲಿಲ್ಲ. ಇನ್‌ಪುಟ್ ವೈರು ಉದ್ದ ಬಿಟ್ಟಿದ್ದೆ, ಅದರ ಮೇಲೆ ರೇಡಿಯೋ ಅಲೆ ತಡೆಯೋ ಜಾಲರಿಯೂ ಇರಲಿಲ್ಲ. ಧಾರವಾಡ ಆಕಾಶವಾಣಿ, 765 ಕಿಲೋಹರ್ಟ್ಸ್, ತಾನಾಗಿ ಬಂದು ಪ್ರದೇಶ ಸಮಾಚಾರ ಓದುತ್ತಿತ್ತು. ಸ್ವಿಚ್ ಆರಿಸಿದರಷ್ಟೇ ಸುಮ್ಮನಾಗುತ್ತಿತ್ತು.

ಇರಲಿ. ತಮ್ಮಾ, ನೀನು ಮೂರು ವಿಷಯ ಹೇಳಿಲ್ಲ. ಆ ಬೋರ್ಡಿನಲ್ಲಿ ಬ್ಲೂಟೂತ್ ಇದೆಯಾ, ಇದ್ದರೆ ಅದರಲ್ಲಿ ಹೇಗೆ ಕೇಳುತ್ತೆ? ಯಾವ ಹಾಡು ಹಚ್ಚಿ ನೋಡಿದೆ? ಲ್ಯಾಪ್‌ಟಾಪಿಂದ ಬೋರ್ಡಿಗೆ ಬರೋ ವೈರು ಯಾವುದು?

ಉಣಕಲ್ ದಂಡೆ, ಹುಬ್ಬಳ್ಳಿ
ಬ್ಲೂಟೂತ್ ಇದೆ ಕಾಕಾ. ವೈರು ತಿರುಗಿಸೋ ಮೊದಲು ಒಂದು ಸಲ ಕೇಳಿದ್ದೆ, ಅದರಲ್ಲಿ ಚೆನ್ನಾಗೇ ಬಂದಿತ್ತು, ಬೇಸ್ ಸಮೇತ. ನಾನು ವೈರಿನಲ್ಲಿ ಕೇಳೋನು, ಅದಕ್ಕೇ ಬರೆಯಲಿಲ್ಲ.

ಹೊಸ ಸಿನಿಮಾ ಹಾಡಿನಲ್ಲಿ ವಾದ್ಯ, ಕೋರಸ್ ಬರುತ್ತೆ, ಮುಖ್ಯ ದನಿ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಯಿಂದ ತೆಗೆದದ್ದೊಂದು ಫೈಲ್ ಇತ್ತು. ಅದನ್ನು ಹಚ್ಚಿದರೆ ಮನ್ಸೂರರೇ ಇಲ್ಲ, ಬರೀ ಚರಚರ. ಫೈಲ್ ಕೆಟ್ಟಿದೆ ಅಂತ ಅಳಿಸಿಬಿಟ್ಟೆ.

ವೈರಿನದೇನಿಲ್ಲ. ಇದ್ದ ವೈರನ್ನು ಇಲಿ ಕಡಿದಿತ್ತು, ಮೊಬೈಲಿನ ಹಳೇ ಇಯರ್‌ಫೋನ್ ಕತ್ತರಿಸಿ ಬೆಸುಗೆ ಹಾಕಿದೆ.

ಬೆಟಗೇರಿ ಬಡಿಗ, ಗದಗ
ಬ್ಲೂಟೂತಿನಲ್ಲಿ ಬೇಸ್ ಬರುತ್ತಾ? ಇದನ್ನು ಮೊದಲೇ ಹೇಳಬಾರದಾ? ನಿಮ್ಮ ಬಾಕ್ಸಿನ ಲೆಕ್ಕ ಹಾಕುತ್ತ ರಾತ್ರಿ ಹನ್ನೆರಡರ ತನಕ ಕೂತಿದ್ದೆ.

ಹಳೇ ವಾಲ್ವ್, ಧಾರವಾಡ
ಮನ್ಸೂರರೇ ಉತ್ತರ ಹೇಳಿಬಿಟ್ಟರು. ನಿನ್ನ ಬಾಕ್ಸೂ ಸರಿ, ಬೋರ್ಡೂ ಸರಿ. ವೈರಿನಲ್ಲಿ ಗ್ರೌಂಡ್ ಇಲ್ಲ.

ಗ್ರೌಂಡ್ ತಪ್ಪಿದರೆ ಎಡ ಬಲ ಎರಡೂ ಸಿಗ್ನಲ್‌ಗೆ ವಾಪಸ್ ಹೋಗೋಕೆ ದಾರಿ ಇಲ್ಲ, ಒಂದರ ಮೂಲಕ ಇನ್ನೊಂದು ಹೋಗುತ್ತೆ. ಆಗ ಕೇಳೋದು ಎಡದಲ್ಲಿ ಬಲ ಕಳೆದು ಉಳಿದದ್ದು ಮಾತ್ರ. ಹಾಡುವವರ ದನಿ, ಬೇಸ್, ಡಗ್ಗಾ ಇವನ್ನೆಲ್ಲ ನಡುವೆ ಇಟ್ಟಿರುತ್ತಾರೆ, ಅಂದರೆ ಎರಡೂ ಕಡೆ ಒಂದೇ ಸಮ. ಸಮ ಇದ್ದದ್ದು ಕಳೆದುಹೋಯಿತು. ಎರಡು ಬದಿಗೆ ಬೇರೆ ಬೇರೆ ಇರೋ ವಾದ್ಯ, ಮಾರ್ದನಿ ಉಳಿಯಿತು, ಅದೇ ನಿನ್ನ ಬಾವಿ. 78ರ ತಟ್ಟೆ ಮೋನೋ, ಹಾಡು ಎರಡೂ ಕಡೆ ಒಂದೇ, ಪೂರ್ತಿ ಮಾಯ. ತಟ್ಟೆಯ ಗೀರಿನ ಸದ್ದು ಮಾತ್ರ ಎರಡು ಕಡೆ ಒಂದೇ ಇರಲ್ಲ. ಅದಕ್ಕೇ ಚರಚರ ಉಳಿಯಿತು.

ಚಾರ್ಜರ್ ಹಾಕಿದರೆ ದನಿ ಬಂದದ್ದೂ ಇದಕ್ಕೇ. ಎರಡೂ ಅಡಾಪ್ಟರಿನ ಅರ್ಥ್ ಪಿನ್ ಹಿಡಿದು ಗೋಡೆಯ ವೈರಿಂಗ್ ಸುತ್ತಿಕೊಂಡು ಗ್ರೌಂಡ್ ಬಂತು, ದಾರಿಯಲ್ಲಿ ಗುಂಯ್ ಅನ್ನೂ ಕರೆತಂತು.

ಈಗ ಹೇಳು, ಆ ಇಯರ್‌ಫೋನ್ ಪ್ಲಗ್ಗಿನಲ್ಲಿ ಕಪ್ಪು ಗೆರೆ ಎಷ್ಟು?

ಉಣಕಲ್ ದಂಡೆ, ಹುಬ್ಬಳ್ಳಿ
ಮೂರು. ಆದರೆ ನಾನು ಮೀಟರ್ ಇಟ್ಟೇ ನೋಡಿದ್ದೆ. ವೈರಿನ ಮೆರುಗು ಸುಟ್ಟು, ಪ್ಲಗ್ಗಿನ ಬುಡಕ್ಕೆ ಮುಟ್ಟಿಸಿ ಬೀಪ್ ಬಂದದ್ದನ್ನೇ ಗ್ರೌಂಡ್ ಅಂತ ಹಾಕಿದ್ದೇನೆ. ಮೊದಲಿಂದ ಬುಡದ್ದೇ ಗ್ರೌಂಡ್ ಅಲ್ವಾ? ಒಂದು ವೈರು ಜಾಸ್ತಿ ಉಳಿದಿತ್ತು, ಕತ್ತರಿಸಿ ಬಿಸಾಕಿದೆ.

ಹಳೇ ವಾಲ್ವ್, ಧಾರವಾಡ
ಎರಡು ಗೆರೆ ಇದ್ದರೆ ಬುಡದ್ದು ಗ್ರೌಂಡ್. ಮೂರು ಗೆರೆ ಇದ್ದರೆ ಅದರಲ್ಲಿ ಮೈಕೂ ಇರುತ್ತೆ. ಈಗಿನ ಫೋನುಗಳಲ್ಲಿ ತುದಿ ಎಡ, ಅದರ ಹಿಂದಿನದು ಬಲ, ಮೂರನೆಯದು ಗ್ರೌಂಡ್, ಬುಡದ್ದು ಮೈಕ್. ಹಳೇ ಕೆಲವು ಫೋನುಗಳಲ್ಲಿ ಕೊನೆಯ ಎರಡು ಅದಲುಬದಲು ಇದ್ದವು. ನೀನು ಮೈಕಿನ ವೈರನ್ನು ಗ್ರೌಂಡ್ ಮಾಡಿ, ಗ್ರೌಂಡನ್ನು ಕಸಕ್ಕೆ ಹಾಕಿದ್ದೀಯ. ಲ್ಯಾಪ್‌ಟಾಪಿಗೂ ಮೊಬೈಲಿಗೂ ಹಚ್ಚಿದ್ದು ಅದೇ ವೈರು, ಹಾಗಾಗಿ ಎರಡರಲ್ಲೂ ಅದೇ ರೋಗ.

ಪ್ಲಸ್ ಮೈನಸ್, ಹಾವೇರಿ
ಕಾಕಾ, ಹಾಗಿದ್ದರೆ ನಾನು ಹೇಳಿದ ಹಾಗೆ ತಿರುಗಿಸಿದಾಗ ಯಾಕೆ ವಾಸಿ ಆಯಿತು? ಫೇಸ್ ತೊಂದರೆ, ಅಂದರೆ ಒಂದು ಕಡೆ ಉಲ್ಟಾ ಇರೋದು, ಇದ್ದೇ ಇದೆ.

ಹಳೇ ವಾಲ್ವ್, ಧಾರವಾಡ
ಎಡಕ್ಕೆ "ಎಡ ಕಳೆ ಬಲ" ಬರುತ್ತಿತ್ತು, ಬಲಕ್ಕೆ "ಬಲ ಕಳೆ ಎಡ". ಒಂದೇ ಸದ್ದು, ಉಲ್ಟಾ. ನೀವು ಒಂದನ್ನು ತಿರುಗಿಸಿದಿರಿ, ಎರಡೂ ಸಮ ಆದವು. ಔಷಧಿ ಕೆಲಸ ಮಾಡಿತು, ರೋಗ ಬೇರೆ.

ಉಣಕಲ್ ದಂಡೆ, ಹುಬ್ಬಳ್ಳಿ
ಎರಡು ಗೆರೆಯ ಹೊಸ ವೈರು ತಂದು ಹಾಕಿದೆ. ದನಿ ಬಂತು! ಎಂಥಾ ದನಿ ಅಂತೀರಿ. ಆದರೆ ಬೇಸ್ ಪೂರ್ತಿ ಹೋಯಿತು. ಬ್ಲೂಟೂತಿನಲ್ಲೂ ಈಗ ಇಲ್ಲ. ಅರ್ಧ ಗಂಟೆ ಅಳೋದೊಂದು ಬಾಕಿ. ಆಮೇಲೆ ನೆನಪಾಯಿತು, ಹಾವೇರಿ ಅಣ್ಣಾವ್ರ ಮಾತು ಕೇಳಿ ಬಲಗಡೆ ವೈರು ತಿರುಗಿಸಿದ್ದು ಹಾಗೇ ಇತ್ತು. ಮೊದಲಿನ ಹಾಗೆ ಹಚ್ಚಿದೆ, ಡಗ್ಗಾ ಎದೆಗೆ ಬಂದು ಗುದ್ದಿತು.

ಚಾರ್ಜರ್ ಹಾಕಿದರೆ ಗುಂಯ್ ಇನ್ನೂ ಇದೆ, ಕಡಿಮೆ.

ಪ್ಲಸ್ ಮೈನಸ್, ಹಾವೇರಿ
ನೋಡಿ, ಕೊನೆಗೆ ಒಂದು ಸ್ಪೀಕರ್ ಉಲ್ಟಾ ಇದ್ದದ್ದು ನಿಜ ತಾನೇ.

ಹಳೇ ವಾಲ್ವ್, ಧಾರವಾಡ
ಈಗಿನದು ಗ್ರೌಂಡ್ ಲೂಪ್, ಗ್ರೌಂಡಿಗೆ ಎರಡು ದಾರಿ ಆಗಿ ಸುತ್ತು ಬಿದ್ದಿದೆ. ಎರಡೂ ಅಡಾಪ್ಟರ್ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚು. ಅದಕ್ಕೂ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರೋ ಆಡಿಯೋ ಐಸೊಲೇಟರ್ ಹಾಕು. ಪಿನ್ನಿಗೆ ಮಾತ್ರ ಕೈ ಹಾಕಬೇಡ.

ಉಣಕಲ್ ದಂಡೆ, ಹುಬ್ಬಳ್ಳಿ
ಒಂದೇ ಬೋರ್ಡಿಗೆ ಹಚ್ಚಿದೆ ಕಾಕಾ, ಈಗ ಕಿವಿ ಹಚ್ಚಿದರಷ್ಟೇ ಕೇಳುತ್ತೆ. ಸಾಕು. ಮನ್ಸೂರರ ಫೈಲ್ ಅಳಿಸಿದ್ದಕ್ಕೆ ಹೊಟ್ಟೆ ಉರೀತಿದೆ, ಕೊಟ್ಟವರ ಹತ್ತಿರ ಮತ್ತೆ ಯಾವ ಮುಖ ಇಟ್ಟುಕೊಂಡು ಕೇಳಲಿ? ಬಡಿಗ ಅಣ್ಣಾವ್ರೇ, ನೀವು ಕೇಳಿದ್ದು ಮರೆತಿದ್ದೆ. ಪೋರ್ಟ್ 9 ಸೆಂಟಿಮೀಟರ್ ಉದ್ದ.

ಬೆಟಗೇರಿ ಬಡಿಗ, ಗದಗ
ವ್ಯಾಸ?