ನೀರಿನಲ್ಲಿ ಗಟ್ಟಿ, ಲವಣದ್ರಾವಣದಲ್ಲಿ ಲೋಳೆ: ಆಲ್ಜಿನೇಟ್–ಪಿವಿಎ ಹಾಳೆ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಕೋಥ್ರೂಡ್, ಪುಣೆ

ನಾನು ಧಾರವಾಡದವಳು, ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಗಾಯಕ್ಕೆ ಹೊದಿಸುವ ಹೈಡ್ರೋಜೆಲ್ (ನೀರು ಹೀರಿ ಉಬ್ಬುವ ಪಾಲಿಮರ್ ಜೆಲ್) ಹಾಳೆಯೊಂದನ್ನು ಕಡಲ ಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್ ಮತ್ತು ಸಂಶ್ಲೇಷಿತ ಪಾಲಿಮರ್ ಆದ ಪಾಲಿವಿನೈಲ್ ಆಲ್ಕೊಹಾಲ್, ಅಂದರೆ ಪಿವಿಎ, ಬೆರೆಸಿ ತಯಾರಿಸಿದ್ದೇನೆ. ಎರಡನ್ನೂ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ತಟ್ಟೆಗೆ ಸುರಿದು ಒಣಗಿಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದೆ. ಶುದ್ಧ ನೀರಿನಲ್ಲಿ ಹಾಳೆ ಚೆನ್ನಾಗಿಯೇ ಉಳಿಯುತ್ತದೆ. ಆದರೆ ಫಾಸ್ಫೇಟ್ ಇರುವ ಲವಣದ್ರಾವಣದಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಲೋಳೆಯಾಗಿರುತ್ತದೆ. ಬಲಕ್ಕೆಂದೇ ಸೇರಿಸಿದ ಪಿವಿಎ ಏಕೆ ಕೈಕೊಡುತ್ತಿದೆ?

ಉತ್ತರ: ಮಾಟುಂಗಾ, ಮುಂಬಯಿ

ನಿಮ್ಮ ಹಾಳೆಯಲ್ಲಿ ಎರಡು ಪಾಲಿಮರ್‌ಗಳಿದ್ದರೂ ಜಾಲ ಇರುವುದು ಒಂದೇ. ಕ್ಯಾಲ್ಸಿಯಂ ಅಯಾನು ಆಲ್ಜಿನೇಟ್ ಸರಪಳಿಯ ಘಟಕಗಳಲ್ಲೊಂದಾದ ಗುಲುರಾನಿಕ್ ಆಮ್ಲದ ಭಾಗಗಳನ್ನು ಮುಖ್ಯವಾಗಿ ಹಿಡಿದು ಕಟ್ಟುತ್ತದೆ. ಪಿವಿಎಗೂ ಕ್ಯಾಲ್ಸಿಯಂಗೂ ಅಂಥ ನಂಟಿಲ್ಲ, ಅದು ಆಲ್ಜಿನೇಟ್ ಬಲೆಯೊಳಗೆ ಸುಮ್ಮನೆ ಸಿಕ್ಕಿಕೊಂಡಿದೆ ಅಷ್ಟೆ. ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಎಳೆದುಕೊಂಡು, ಆ ಜಾಗಕ್ಕೆ ಸೋಡಿಯಂ ಬಂದು ಕುಳಿತಾಗ ಬಲೆ ಬಿಚ್ಚಿಕೊಳ್ಳುತ್ತದೆ, ಪಿವಿಎಯೂ ಹೊರಗೆ ಹರಿಯುತ್ತದೆ. ಪರೀಕ್ಷಾ ದ್ರಾವಣವನ್ನು ಬದಲಾಯಿಸಿ ಇದನ್ನು ಮರೆಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ರಕ್ತದ ಸೀರಮ್‌ನಲ್ಲಿ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್ ಇದ್ದರೆ ಕ್ಯಾಲ್ಸಿಯಂ ಸುಮಾರು ಎರಡೂವರೆಯಷ್ಟೇ ಇರುತ್ತದೆ. ಗಾಯದಿಂದ ಒಸರುವ ದ್ರವದಲ್ಲಿಯೂ ನಿಮ್ಮ ಹಾಳೆ ಇದೇ ಪರಿಸ್ಥಿತಿಯನ್ನು ಎದುರಿಸಬೇಕು.

ಆದ್ದರಿಂದ ಪಿವಿಎಗೆ ತನ್ನದೇ ಆದ ಜಾಲ ಬೇಕು. ಸರಪಳಿಗಳ ನಡುವೆ ಕೊಂಡಿ ಹಾಕುವ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಬಳಸಬಹುದು, ಆದರೆ ಉಳಿದುಹೋದ ಅಂಶ ಜೀವಕೋಶಗಳಿಗೆ ವಿಷ. ಗಾಯಕ್ಕೆ ಹೊದಿಸುವ ವಸ್ತುವಿಗೆ ನಾನು ಅದನ್ನು ಒಪ್ಪಲಾರೆ. ದ್ರಾವಣವನ್ನು ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಕರಗಿಸುವ ಕ್ರಮವನ್ನು ಮೂರರಿಂದ ಐದು ಬಾರಿ ಮಾಡಿ, ಬಳಿಕ ಕ್ಯಾಲ್ಸಿಯಂನಲ್ಲಿ ಅದ್ದಿ. ಮಂಜಿನ ಹರಳುಗಳು ಬೆಳೆಯುವಾಗ ಪಿವಿಎ ಸರಪಳಿಗಳನ್ನು ಒತ್ತೊತ್ತಾಗಿ ಸೇರಿಸುತ್ತವೆ. ಅಲ್ಲಿ ಹುಟ್ಟುವ ಪುಟ್ಟ ಸ್ಫಟಿಕಗಳೇ ಗಂಟುಗಳಾಗುತ್ತವೆ, ಅವು ದೇಹದ ಉಷ್ಣತೆಯಲ್ಲಿ ಕರಗುವುದಿಲ್ಲ. ಒಂದು ಅನುಮಾನವಿದೆ: ನಿಮ್ಮ ಪಿವಿಎ ಬೆಚ್ಚಗಿನ ನೀರಿನಲ್ಲಿಯೇ ಕರಗಿತು ಎಂದಿದ್ದೀರಿ. ಈ ವಿಧಾನಕ್ಕೆ ಬೇಕಾದದ್ದು 98–99 ಶೇಕಡಾ ಜಲವಿಭಜನೆಯಾದ (ಅಂದರೆ ಅಸಿಟೇಟ್ ಗುಂಪುಗಳಲ್ಲಿ ಅಷ್ಟು ಪಾಲು ಆಲ್ಕೊಹಾಲ್ ಗುಂಪುಗಳಾಗಿ ಬದಲಾದ) ದರ್ಜೆ, ಅದು ಕರಗಲು 90 ಡಿಗ್ರಿಯಷ್ಟು ಕಾವು ಬೇಕು. ಶೀಶೆಯ ಚೀಟಿ ನೋಡಿ.

ಉತ್ತರ: ಚೆಂಬೂರು, ಮುಂಬಯಿ

ಮೇಲಿನ ಉತ್ತರ ಸರಿಯಾಗಿದೆ. ಗಾಮಾ ವಿಕಿರಣವೂ ಒಂದು ದಾರಿ. ಇಲ್ಲೇ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಪಿವಿಎ ಆಧಾರಿತ ಹೈಡ್ರೋಜೆಲ್ ಪಟ್ಟಿಗಳನ್ನು ಹೀಗೆ ರೂಪಿಸಿದೆ. ರಾಸಾಯನಿಕ ಬೆರೆಸದೆಯೇ ಕೊಂಡಿಗಳು ಬೀಳುತ್ತವೆ, 25 ಕಿಲೋಗ್ರೇ ವಿಕಿರಣ ಪ್ರಮಾಣದಲ್ಲಿ ಕ್ರಿಮಿಶುದ್ಧಿಯೂ ಆಗುತ್ತದೆ. ಆದರೆ ಪಿವಿಎಯನ್ನು ಬೆಸೆಯುವ ಅದೇ ವಿಕಿರಣ ಆಲ್ಜಿನೇಟ್ ಸರಪಳಿಯನ್ನು ತುಂಡರಿಸುತ್ತದೆ. ಹಾಗಾಗಿ ಆಲ್ಜಿನೇಟ್ ಪಾಲು ಕಡಿಮೆ ಇರಲಿ.

ಉತ್ತರ: ಮಡಗಾಂವ್, ಗೋವಾ

ಆಲ್ಜಿನೇಟ್ ಯಾವ ಪಾಚಿಯಿಂದ ಬಂದದ್ದೆಂದು ಬರೆದಿಡಿ. ನಮ್ಮ ಕರಾವಳಿಯ ಬಂಡೆಗಳ ಮೇಲೂ ಆಲ್ಜಿನೇಟ್ ಕೊಡುವ ಸರ್ಗಾಸಮ್ ಎಂಬ ಕಂದು ಪಾಚಿ ಬೆಳೆಯುತ್ತದೆ. ಪಾಚಿಯ ಜಾತಿ, ಋತು, ಗಿಡದ ಭಾಗ ಬದಲಾದಂತೆ ಆಲ್ಜಿನೇಟ್‌ನ ಎರಡು ಘಟಕಗಳಾದ ಗುಲುರಾನಿಕ್ ಮತ್ತು ಮ್ಯಾನುರಾನಿಕ್ ಆಮ್ಲಗಳ ಅನುಪಾತ ಬದಲಾಗುತ್ತದೆ. ಮೊದಲನೆಯದು ಹೆಚ್ಚಿದ್ದರೆ ಜೆಲ್ ಗಡುಸು, ಎರಡನೆಯದು ಹೆಚ್ಚಿದ್ದರೆ ಮೃದು. ಸಂಶ್ಲೇಷಿತ ಪಾಲಿಮರ್‌ನಂತೆ ಪ್ರತಿ ಡಬ್ಬಿಯೂ ಒಂದೇ ರೀತಿ ಇರುತ್ತದೆಂದು ನಂಬಿ ತಿಂಗಳುಗಟ್ಟಲೆ ಶ್ರಮ ಕಳೆದುಕೊಂಡವರನ್ನು ನಾನು ಬಲ್ಲೆ.

ಪ್ರಶ್ನೆ ಕೇಳಿದವರು: ಕೋಥ್ರೂಡ್, ಪುಣೆ

ಮಾಟುಂಗಾದ ಸರ್, ನಿಮ್ಮ ಅನುಮಾನ ನಿಜವಾಯಿತು. ಪಿವಿಎ ಚೀಟಿಯಲ್ಲಿ 87–89 ಶೇಕಡಾ ಎಂದಿತ್ತು. ವಿಭಾಗದಲ್ಲಿದ್ದ 99ರ ದರ್ಜೆ ತಂದು, ಮೂರು ಬಾರಿ ಹೆಪ್ಪುಗಟ್ಟಿಸಿ ಅದ್ದಿದೆ. ಅದೇ ಲವಣದ್ರಾವಣದಲ್ಲಿ ಒಂದು ರಾತ್ರಿ ಕಳೆದ ಮೇಲೆ ಹಾಳೆ ಉಬ್ಬಿದೆ, ಅಂಚು ಮೆತ್ತಗಾಗಿದೆ, ಆದರೆ ಚಿಮಟಿಗೆಯಲ್ಲಿ ಎತ್ತಿದರೆ ಹರಿಯುವುದಿಲ್ಲ. ಆಲ್ಜಿನೇಟ್ ಎಷ್ಟು ಸೋರಿಹೋಗಿದೆ ಎಂದು ತಿಳಿಯಲು ಅದನ್ನು ತೊಳೆದು ಒಣಗಿಸಲು ಇಟ್ಟಿದ್ದೇನೆ. ತೂಕ ಸ್ಥಿರವಾದ ಕೂಡಲೇ ಇಲ್ಲಿ ಬರೆಯುತ್ತೇನೆ.